4294967297: ಒಂದು ದೊಡ್ಡ ಸಂಖ್ಯೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಹತ್ತು ಅಂಕಿಯ ಸಂಖ್ಯೆಯನ್ನು ಮುಂದಿಟ್ಟುಕೊಂಡು ಎಷ್ಟು ಸಂಜೆ ಕಳೆದಿದ್ದೇನೋ ಲೆಕ್ಕವಿಲ್ಲ. ಇದರ ಬಗ್ಗೆ ಮಾತು ತೆಗೆದಾಗಲೆಲ್ಲ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಭಾಗಾಕಾರ, ಶೇಷ, ವರ್ಗ, ಘಾತ ಅಂದರೆ ಏನು ಅಂತ ನೆನಪಿದ್ದರೆ ಸಾಕು. ಒಂದು ಪೆನ್ನು, ಒಂದು ಹಾಳೆ ಪಕ್ಕದಲ್ಲಿರಲಿ.

ಇದನ್ನು ಓದುವುದು ಹೇಗೆ?

ನಾನೂರ ಇಪ್ಪತ್ತೊಂಬತ್ತು ಕೋಟಿ, ನಲವತ್ತೊಂಬತ್ತು ಲಕ್ಷ, ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಒಂದು ಸಲ ಗಟ್ಟಿಯಾಗಿ ಓದಿ. ಆಮೇಲೆ ಸುಮ್ನೆ "ನಮ್ಮ ಸಂಖ್ಯೆ" ಅಂತ ಕರೆಯೋಣ.

ಇಷ್ಟೊಂದು ಸಂಖ್ಯೆಗಳಿರುವಾಗ ಇದೇ ಯಾಕೆ?

32 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದಕ್ಕೆ 1 ಸೇರಿಸಿದರೆ ನಮ್ಮ ಸಂಖ್ಯೆ ಸಿಗುತ್ತದೆ. ಅಂದರೆ ಇದು 2³² + 1. ಇದಕ್ಕೆ ಮುಂಚೆ ಇದೇ ಜಾತಿಯ ಐದು ಸಂಖ್ಯೆಗಳಿವೆ:

2¹ + 1 = 3
2² + 1 = 5
2⁴ + 1 = 17
2⁸ + 1 = 257
2¹⁶ + 1 = 65537

ಘಾತಗಳನ್ನು ನೋಡಿ. 1, 2, 4, 8, 16. ಪ್ರತಿ ಸಲ ದುಪ್ಪಟ್ಟು. ಮುಂದಿನದು 32, ಅದೇ ನಮ್ಮದು. ಇವನ್ನು ಫರ್ಮಾ ಸಂಖ್ಯೆಗಳು ಅನ್ನುತ್ತಾರೆ. ಸೊನ್ನೆಯಿಂದ ಎಣಿಸುವುದು ವಾಡಿಕೆ, ಹಾಗಾಗಿ ನಮ್ಮದು ಐದನೆಯದು. ಮೇಲಿನ ಐದೂ ಅವಿಭಾಜ್ಯ. ಅಂದರೆ 1 ಮತ್ತು ಆ ಸಂಖ್ಯೆಯನ್ನೇ ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ನಮ್ಮ ಸಂಖ್ಯೆಯ ಹತ್ತಿರ ಬಂದು ಆ ಸಾಲು ಮುರಿಯಿತು.

ಹಾಗಾದರೆ ಇದು ಅವಿಭಾಜ್ಯ ಅಲ್ವಾ?

ಅಲ್ಲ. 4294967297 = 641 × 6700417.

ಫರ್ಮಾ ಹೇಳಿದ್ದೇನು?

ಪಿಯರ್ ದ ಫರ್ಮಾ ಫ್ರಾನ್ಸಿನವರು. ಹೊಟ್ಟೆಪಾಡಿಗೆ ನ್ಯಾಯಾಲಯದ ಕೆಲಸ, ಖುಷಿಗೆ ಗಣಿತ. 1640ರಲ್ಲಿ ಬರೆದ ಪತ್ರಗಳಲ್ಲಿ ಅವರು ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯ ಅಂತ ತಮಗೆ ಅನ್ನಿಸುತ್ತದೆ ಎಂದರು. ಸಾಧನೆ ಮಾತ್ರ ಕೈಗೆ ಸಿಕ್ಕಿಲ್ಲ ಅಂತಲೂ ಒಪ್ಪಿಕೊಂಡರು. ಈ ಎರಡನೇ ಮಾತನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. "ಫರ್ಮಾ ತಪ್ಪು ಪ್ರಮೇಯ ಕೊಟ್ಟರು" ಅನ್ನುವುದು ಸರಿಯಲ್ಲ. ಅವರದು ಊಹೆ, ಊಹೆ ಅಂತಲೇ ಹೇಳಿದ್ದರು.

1665ರಲ್ಲಿ ಫರ್ಮಾ ತೀರಿಕೊಂಡರು. ಊಹೆ ಹಾಗೇ ಉಳಿಯಿತು. 1729ರ ಡಿಸೆಂಬರ್ 1ರಂದು ಕ್ರಿಶ್ಚಿಯನ್ ಗೋಲ್ಡ್‌ಬಾಕ್ ಅನ್ನುವವರು ಲಿಯೊನಾರ್ಡ್ ಆಯ್ಲರ್‌ಗೆ ಒಂದು ಪತ್ರ ಬರೆದರು. ಫರ್ಮಾ ಹೀಗೆ ಹೇಳಿದ್ದು ಗೊತ್ತಾ, ಇದನ್ನು ಯಾರೂ ಸಾಧಿಸಿದಂತೆ ಕಾಣುವುದಿಲ್ಲವಲ್ಲ ಅಂತ ಕೊನೆಯಲ್ಲಿ ಕೇಳಿದ್ದರು. ಆಗ ಆಯ್ಲರ್‌ಗೆ 22 ವರ್ಷ. ಮೊದಮೊದಲು ಅವರು ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಹಿಡಿದರು, ಬಿಡಲಿಲ್ಲ. 1732ರಲ್ಲಿ 641 ಹೊರಬಂತು. 92 ವರ್ಷ ನಿಂತಿದ್ದ ಊಹೆ ಮೂರಂಕಿಯ ಒಂದು ಸಂಖ್ಯೆಯಿಂದ ಬಿದ್ದುಹೋಯಿತು.

ಘಾತ 1, 2, 4, 8 ಅಂತಲೇ ಯಾಕೆ ಹೋಗಬೇಕು? 2⁶ + 1 ಯಾಕೆ ಬೇಡ?

6ರಲ್ಲಿ 3 ಅನ್ನುವ ಬೆಸ ಅಪವರ್ತನ ಇದೆಯಲ್ಲ, ಅದೇ ತೊಂದರೆ. 2⁶ + 1 ಅಂದರೆ 4³ + 1. ಒಂದು ಸಂಖ್ಯೆಯ ಬೆಸ ಘಾತಕ್ಕೆ 1 ಸೇರಿಸಿದರೆ, ಅದು ಆ ಸಂಖ್ಯೆಗೆ 1 ಸೇರಿಸಿದ್ದರಿಂದ ಭಾಗವಾಗಿಯೇ ಆಗುತ್ತದೆ. ಇಲ್ಲಿ 4 + 1 = 5, ಮತ್ತು 65 = 5 × 13. ಹೀಗಾಗಿ ಘಾತದಲ್ಲಿ 1ಕ್ಕಿಂತ ದೊಡ್ಡ ಬೆಸ ಅಪವರ್ತನ ಇದ್ದರೆ ಅವಿಭಾಜ್ಯ ಆಗುವ ಆಸೆಯೇ ಇಲ್ಲ. ಉಳಿಯುವುದು 1, 2, 4, 8, 16, 32... ಇಷ್ಟೇ. ಫರ್ಮಾ ಕಣ್ಣು ಇವುಗಳ ಮೇಲೆ ಬಿದ್ದಿದ್ದು ಅದಕ್ಕೇ.

ಆಯ್ಲರ್‌ಗೆ 641 ಹೇಗೆ ಸಿಕ್ಕಿತು? ಒಂದೊಂದಾಗಿ ಭಾಗಿಸುತ್ತಾ ಕೂತರಾ?

2, 3, 5, 7 ಅಂತ ಸಾಲಾಗಿ ಅವಿಭಾಜ್ಯಗಳನ್ನು ತೆಗೆದುಕೊಂಡರೆ 641 ಬರುವುದು 116ನೆಯದಾಗಿ. ಹತ್ತಂಕಿಯ ಸಂಖ್ಯೆಯನ್ನು 116 ಸಲ ಭಾಗಿಸುವುದು ಬೇಸರದ ಕೆಲಸ, ಆದರೆ ಆಗದ್ದೇನಲ್ಲ. ಎಲ್ಲಿಯವರೆಗೆ ಹೋಗಬೇಕು ಅಂತ ಮೊದಲೇ ಗೊತ್ತಿರುವುದಿಲ್ಲ ಅನ್ನುವುದೇ ಭಯ. 65536ರವರೆಗೆ 6542 ಅವಿಭಾಜ್ಯಗಳಿವೆ. ನಮ್ಮ ಸಂಖ್ಯೆ ನಿಜಕ್ಕೂ ಅವಿಭಾಜ್ಯವಾಗಿದ್ದರೆ ಅಷ್ಟನ್ನೂ ಮುಗಿಸಬೇಕಿತ್ತು.

1732ರ ಬರಹದಲ್ಲಿ ಆಯ್ಲರ್ ದಾರಿ ಹೇಳಲಿಲ್ಲ, ಉತ್ತರ ಮಾತ್ರ ಕೊಟ್ಟರು. ದಾರಿ ಬಂದಿದ್ದು ಸುಮಾರು ಹದಿನೈದು ವರ್ಷ ಆದಮೇಲೆ. ಅದು ತುಂಬ ಚೆನ್ನಾಗಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಅಂದುಕೊಳ್ಳಿ. ಆಗ ಅದರ ಲೆಕ್ಕದಲ್ಲಿ 2³² + 1ರ ಶೇಷ ಸೊನ್ನೆ. ಅಂದರೆ 2³²ರ ಶೇಷ −1 (ಆ ಅವಿಭಾಜ್ಯದ ಮಗ್ಗಿಗೆ ಒಂದು ಕಡಿಮೆ ಅಂತ ಅರ್ಥ). ವರ್ಗ ಮಾಡಿದರೆ 2⁶⁴ರ ಶೇಷ 1. 2ರ ಘಾತಗಳು 2, 4, 8 ಅಂತ ಹೊರಟು ಮತ್ತೆ 1ಕ್ಕೆ ಬಂದು ಸೇರುವುದಕ್ಕೆ ಸರಿಯಾಗಿ 64 ಹೆಜ್ಜೆ ಬೇಕು. ಅದಕ್ಕಿಂತ ಮುಂಚೆ ಬರಲು ಆಗದು, ಯಾಕೆಂದರೆ 32ನೇ ಹೆಜ್ಜೆಯಲ್ಲಿ −1 ಇದೆ. ಇನ್ನೊಂದು ಕಡೆ, ಫರ್ಮಾ ಅವರದೇ ಇನ್ನೊಂದು ನಿಯಮ ಇದೆ. ಬೆಸ ಅವಿಭಾಜ್ಯ ಯಾವುದೇ ಇರಲಿ, ಅದರಿಂದ 1 ಕಳೆದು ಬಂದಷ್ಟು ಹೆಜ್ಜೆ ಇಟ್ಟರೆ 2ರ ಘಾತ 1ಕ್ಕೆ ವಾಪಸ್ ಬಂದೇ ಬರುತ್ತದೆ. ಎರಡನ್ನೂ ಸೇರಿಸಿದರೆ, ಅವಿಭಾಜ್ಯದಿಂದ 1 ಕಳೆದದ್ದು 64ರ ಮಗ್ಗಿಯಲ್ಲಿ ಇರಲೇಬೇಕು.

ಈಗ 64ರ ಮಗ್ಗಿಗೆ 1 ಸೇರಿಸುತ್ತಾ ಹೋಗಿ: 65, 129, 193, 257, 321, 385, 449, 513, 577, 641. ಇವುಗಳಲ್ಲಿ ಅವಿಭಾಜ್ಯಗಳು 193, 257, 449, 577, 641 ಮಾತ್ರ. ಐದನೇ ಪ್ರಯತ್ನಕ್ಕೇ ಬೇಟೆ ಮುಗಿಯಿತು!

ಎದುವಾರ್ ಲ್ಯೂಕಾ 1878ರಲ್ಲಿ ಇದನ್ನು ಇನ್ನೂ ಬಿಗಿ ಮಾಡಿದರು. 64 ಬೇಡ, 128ರ ಮಗ್ಗಿ ಸಾಕು ಅಂದರು. ಆಗ ಪಟ್ಟಿ 129, 257, 385, 513, 641. ಅವಿಭಾಜ್ಯಗಳು ಎರಡೇ: 257 ಮತ್ತು 641. ಇದರಲ್ಲಿ 257 ಇದೇ ಸಾಲಿನ ಹಿಂದಿನ ಸಂಖ್ಯೆ, ಅದು ಭಾಗಿಸುವುದಿಲ್ಲ ಅಂತ ಲೆಕ್ಕ ಮಾಡದೆಯೇ ಹೇಳಬಹುದು (ಯಾಕೆ ಅಂತ ಮುಂದೆ ಬರುತ್ತದೆ). ಹಾಗಾಗಿ ಮೊದಲ ಭಾಗಾಕಾರದಲ್ಲೇ 641.

ಒಂದು ಮಾತು. ಆ ಇನ್ನೊಂದು ನಿಯಮ ಫರ್ಮಾಗೆ ಗೊತ್ತಿತ್ತಲ್ಲ, ಅವರಿಗೇ ಯಾಕೆ ಸಿಗಲಿಲ್ಲ?

ಈ ಪ್ರಶ್ನೆ ನನ್ನನ್ನೂ ಕಾಡುತ್ತದೆ. ನಿಯಮವನ್ನು ಅವರು ಪತ್ರದಲ್ಲಿ ಬರೆದದ್ದೂ ಅದೇ 1640ರಲ್ಲಿ. ಸಾಮಾನು ಎಲ್ಲ ಮನೆಯಲ್ಲೇ ಇತ್ತು. ನನ್ನ ಊಹೆ ಕೇಳಿದರೆ, ಭಾಗಿಸಿ ನೋಡುವಾಗ ಎಲ್ಲೋ ಕೈತಪ್ಪಿರಬೇಕು. ನಾನೇ ಮೊದಲ ಸಲ 641ರಿಂದ ಭಾಗಿಸಿದಾಗ ಶೇಷ 3 ಬಂದಿತ್ತು! ಕಳೆಯುವಾಗ ತಪ್ಪು ಮಾಡಿದ್ದೆ.

6700417 ಕೂಡ ಅವಿಭಾಜ್ಯ ಅಂತ ಹೇಗೆ ಗೊತ್ತು?

ಇದರ ವರ್ಗಮೂಲ ಸುಮಾರು 2588. ಅಷ್ಟರೊಳಗೆ ಅಪವರ್ತನ ಸಿಗದಿದ್ದರೆ ಅವಿಭಾಜ್ಯ. ಇದನ್ನು ಭಾಗಿಸುವುದು ನಮ್ಮ ಸಂಖ್ಯೆಯನ್ನೂ ಭಾಗಿಸಬೇಕು, ಆದ್ದರಿಂದ 128ರ ಮಗ್ಗಿಯ ನಿಯಮ ಇಲ್ಲಿಗೂ ನಡೆಯುತ್ತದೆ. 2588ರೊಳಗೆ ಆ ಪಟ್ಟಿಯಲ್ಲಿ ಸಿಗುವ ಅವಿಭಾಜ್ಯಗಳು 257, 641, 769, 1153, 1409. ಅಷ್ಟೇ. ಭಾಗಿಸಿದರೆ ಶೇಷ ಕ್ರಮವಾಗಿ 170, 44, 120, 334, 622. ಒಂದೂ ಸೊನ್ನೆ ಇಲ್ಲ. ಐದು ಭಾಗಾಕಾರದಲ್ಲಿ ಕೆಲಸ ಮುಗಿಯಿತು.

ಭಾಗಿಸದೆಯೇ 641 ಸರಿ ಅಂತ ತೋರಿಸಬಹುದಾ?

ಬಹುದು. ನನಗೆ ಅತಿ ಇಷ್ಟವಾದ ಲೆಕ್ಕ ಇದು.

641ನ್ನು ಎರಡು ರೀತಿ ಬರೆಯಬಹುದು. ಒಂದು, 640 + 1, ಅಂದರೆ 5 × 2⁷ + 1. ಇನ್ನೊಂದು, 625 + 16, ಅಂದರೆ 5⁴ + 2⁴. ಈಗ 641ರಿಂದ ಭಾಗಿಸಿದಾಗಿನ ಶೇಷ ಮಾತ್ರ ನೋಡೋಣ.

ಮೊದಲ ರೂಪದಿಂದ, 5 × 2⁷ರ ಶೇಷ −1.
ಎರಡೂ ಕಡೆ ನಾಲ್ಕನೇ ಘಾತ ಮಾಡಿದರೆ, 5⁴ × 2²⁸ರ ಶೇಷ 1.
ಎರಡನೇ ರೂಪದಿಂದ, 5⁴ ಇದ್ದಲ್ಲಿ −2⁴ ಇಡಬಹುದು.
ಇಟ್ಟರೆ −2⁴ × 2²⁸, ಅಂದರೆ −2³²ರ ಶೇಷ 1.
ಹಾಗಾದರೆ 2³²ರ ಶೇಷ −1. ಅದಕ್ಕೆ 1 ಸೇರಿಸಿದರೆ ಶೇಷ ಸೊನ್ನೆ.

ಹತ್ತಂಕಿಯ ಸಂಖ್ಯೆಯನ್ನು ಒಮ್ಮೆಯೂ ಬರೆಯಲಿಲ್ಲ, ನೋಡಿ.

ಶಾಲೆಯಲ್ಲಿ ಕಲಿತ ಭಾಜ್ಯತೆಯ ನಿಯಮಗಳು ಇಲ್ಲಿ ಏನು ಹೇಳುತ್ತವೆ?

ಅಂಕಿಗಳ ಮೊತ್ತ 59. ಹಾಗಾಗಿ 3ರಿಂದ ಭಾಗಿಸಿದರೆ ಶೇಷ 2, 9ರಿಂದ ಭಾಗಿಸಿದರೆ 5. 7 ಮತ್ತು 11ಕ್ಕೂ ಶೇಷ 5. 13ಕ್ಕೆ 10. ಚಿಕ್ಕ ಸಂಖ್ಯೆಗಳು ಯಾವುವೂ ಒಳಗೆ ಬಿಡುವುದಿಲ್ಲ.

ಕೊನೆಯ ಅಂಕಿ 7. ಇದು ಕಾಕತಾಳೀಯವಾ?

ಅಲ್ಲ. 16ರಿಂದ ಶುರುವಾಗಿ ಪ್ರತಿ ಸಲ ವರ್ಗ ಮಾಡುತ್ತಾ ಹೋಗುತ್ತೇವೆ. 6ರಲ್ಲಿ ಕೊನೆಯಾಗುವ ಸಂಖ್ಯೆಯ ವರ್ಗವೂ 6ರಲ್ಲೇ ಕೊನೆಯಾಗುತ್ತದೆ. 1 ಸೇರಿಸಿದರೆ 7. ಹೀಗಾಗಿ 17ರಿಂದ ಮುಂದಿನ ಎಲ್ಲ ಫರ್ಮಾ ಸಂಖ್ಯೆಗಳೂ 7ರಲ್ಲಿ ಮುಗಿಯುತ್ತವೆ. ಕೊನೆಯ ಎರಡು ಅಂಕಿ 17, 57, 37, 97 ಅಂತ ಬಂದು ಮತ್ತೆ 17ಕ್ಕೆ ಹೋಗುತ್ತವೆ. ನಮ್ಮದು 97ರ ಪಾಳಿ.

ಒಟ್ಟು ಎಷ್ಟು ಭಾಜಕಗಳು?

ನಾಲ್ಕು: 1, 641, 6700417, 4294967297. ಮೊತ್ತ 4301668356. ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ ಬರೀ 6701059. ಪರಿಪೂರ್ಣ ಸಂಖ್ಯೆ ಆಗಬೇಕಿದ್ದರೆ ಈ ಮೊತ್ತ ಅದೇ ಸಂಖ್ಯೆಗೆ ಸಮ ಇರಬೇಕಿತ್ತು. ಇದು ಹತ್ತಿರವೂ ಇಲ್ಲ.

ಇದಕ್ಕಿಂತ ಚಿಕ್ಕದಾಗಿದ್ದು, ಇದರ ಜೊತೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದ ಸಂಖ್ಯೆಗಳೆಷ್ಟು?

640 × 6700416 = 4288266240. ಆಯ್ಲರ್ ಅವರ ಹೆಸರಿನ ಫಲನದ ಬೆಲೆ ಇದು. ನೂರರಲ್ಲಿ ತೊಂಬತ್ತೊಂಬತ್ತಕ್ಕೂ ಜಾಸ್ತಿ ಪಾಲು.

ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದಾ?

ಒಂದು ರೀತಿ ಕಣ್ಣಿಗೇ ಕಾಣುತ್ತದೆ: 65536² + 1². ಇನ್ನೊಂದು ಬಚ್ಚಿಟ್ಟುಕೊಂಡಿದೆ:

62264² + 20449² = 3876805696 + 418161601 = 4294967297

20449 ಅಂದರೆ 143². ಹಾಗಾಗಿ ಎರಡನೇ ಭಾಗ 143ರ ನಾಲ್ಕನೇ ಘಾತ. ಇದಕ್ಕೇನೂ ಆಳವಾದ ಅರ್ಥ ಇಲ್ಲ, ಆದರೂ ನೋಡಿದರೆ ಖುಷಿಯಾಗುತ್ತದೆ.

ಈ ಎರಡನೇ ರೀತಿಗೆ ಬೆಲೆ ಜಾಸ್ತಿ. ಒಂದು ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬಂದರೆ ಅದು ಒಂದೇ ಒಂದು ರೀತಿಯಲ್ಲಿ. ಎರಡು ರೀತಿ ಸಿಕ್ಕಿತು ಅಂದಮೇಲೆ ಅವಿಭಾಜ್ಯ ಅಲ್ಲ ಅಂತ ಅಲ್ಲಿಗೇ ಖಾತ್ರಿ. ಅಷ್ಟೇ ಅಲ್ಲ, ಅಪವರ್ತನಗಳನ್ನೂ ಇದರಿಂದಲೇ ಹೊರತೆಗೆಯಬಹುದು. ಇದೂ ಆಯ್ಲರ್ ದಾರಿಯೇ. ಮಾಡಿ ನೋಡೋಣ.

ದೊಡ್ಡ ಎರಡರ ವ್ಯತ್ಯಾಸ 65536 − 62264 = 3272, ಮೊತ್ತ 127800.
ಚಿಕ್ಕ ಎರಡರ ವ್ಯತ್ಯಾಸ 20449 − 1 = 20448, ಮೊತ್ತ 20450.
ವ್ಯತ್ಯಾಸಗಳ ಮಹತ್ತಮ ಸಾಮಾನ್ಯ ಅಪವರ್ತನ 8. ಅದರ ಅರ್ಧ 4.
ಮೊತ್ತಗಳ ಮಹತ್ತಮ ಸಾಮಾನ್ಯ ಅಪವರ್ತನ 50. ಅದರ ಅರ್ಧ 25.
4² + 25² = 16 + 625 = 641.

ಇನ್ನು 3272 ÷ 8 = 409, 20448 ÷ 8 = 2556. ಅವುಗಳ ವರ್ಗ ಕೂಡಿಸಿದರೆ 167281 + 6533136 = 6700417. ಎರಡೂ ಅಪವರ್ತನಗಳು ಮೇಜಿನ ಮೇಲೆ ಬಂದು ಕೂತವು.

ವರ್ಗಗಳ ವ್ಯತ್ಯಾಸವಾಗಿ?

ಅದೂ ಎರಡು ರೀತಿ. ಒಂದು 2147483649² − 2147483648². ಯಾವ ಬೆಸ ಸಂಖ್ಯೆಯನ್ನಾದರೂ ಹೀಗೆ ಬರೆಯಬಹುದು, ಇದರಲ್ಲಿ ಹೊಸದೇನಿಲ್ಲ. ಇನ್ನೊಂದು 3350529² − 3349888². ಇದು 641 ಮತ್ತು 6700417ರಿಂದ ಬಂದದ್ದು. ಎರಡರ ಸರಾಸರಿ ಮೊದಲನೆಯದು, ವ್ಯತ್ಯಾಸದ ಅರ್ಧ ಎರಡನೆಯದು.

ಅಪವರ್ತನ ಹುಡುಕಲು ಫರ್ಮಾ ಕಂಡುಹಿಡಿದ ವಿಧಾನವೇ ಇದು. ವರ್ಗಮೂಲದಿಂದ ಶುರುಮಾಡಿ ಮೇಲಕ್ಕೆ ಹೋಗುತ್ತಾ, ಪ್ರತಿಯೊಂದರ ವರ್ಗದಿಂದ ನಮ್ಮ ಸಂಖ್ಯೆಯನ್ನು ಕಳೆದು, ಉಳಿದದ್ದು ವರ್ಗವೇ ಅಂತ ನೋಡಬೇಕು. ಮೊದಲ ಹೆಜ್ಜೆ 65537² − 4294967297 = 131072. ವರ್ಗ ಅಲ್ಲ. ಹೀಗೇ ಹೋಗಿ 3350529 ಮುಟ್ಟುವುದಕ್ಕೆ 3284993 ಹೆಜ್ಜೆ ಬೇಕು. ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದರೆ ಈ ವಿಧಾನ ಮಿಂಚಿನಂತೆ ಕೆಲಸ ಮಾಡುತ್ತದೆ. ಇಲ್ಲಿ ಒಂದು ಮೂರಂಕಿ, ಇನ್ನೊಂದು ಏಳಂಕಿ. ಪಾಪ ಫರ್ಮಾ, ಅವರ ಆಯುಧವೇ ಅವರಿಗೆ ಕೈಕೊಡುತ್ತಿತ್ತು.

ಲಂಬಕೋನ ತ್ರಿಭುಜದ ವಿಕರ್ಣ ಆಗಬಹುದಾ?

ಆಗಬಹುದು. 131072, 4294967295, 4294967297 ಒಂದು ತ್ರಿಭುಜ. ಇದು ಕಡ್ಡಿಯಷ್ಟು ತೆಳ್ಳಗಿರುತ್ತದೆ, ಉದ್ದ ಬಾಹುವಿಗೂ ವಿಕರ್ಣಕ್ಕೂ 2 ಮಾತ್ರ ಅಂತರ. ಇನ್ನೊಂದು ಸ್ವಲ್ಪ ಮೈಕೈ ತುಂಬಿಕೊಂಡದ್ದು: 2546473072, 3458644095, 4294967297. ಎರಡೂ ಮೇಲಿನ ವರ್ಗಗಳ ಮೊತ್ತದಿಂದಲೇ ಹುಟ್ಟಿದವು.

ಇದನ್ನು ಹುಸಿ ಅವಿಭಾಜ್ಯ ಅನ್ನುತ್ತಾರಲ್ಲ, ಯಾಕೆ?

ಫರ್ಮಾ ನಿಯಮವನ್ನು ಉಲ್ಟಾ ಬಳಸಿ ಅವಿಭಾಜ್ಯ ಪರೀಕ್ಷೆ ಮಾಡುವುದುಂಟು. ಸಂಖ್ಯೆಯಿಂದ 1 ಕಳೆದು, ಅಷ್ಟನೇ ಘಾತಕ್ಕೆ 2ನ್ನು ಏರಿಸಿ, ಅದೇ ಸಂಖ್ಯೆಯಿಂದ ಭಾಗಿಸಿ. ಶೇಷ 1 ಬರದಿದ್ದರೆ ಬೆಸ ಸಂಖ್ಯೆ ಖಂಡಿತ ಅವಿಭಾಜ್ಯ ಅಲ್ಲ. 1 ಬಂದರೆ ಅವಿಭಾಜ್ಯ ಇರಬಹುದು. ಈ "ಇರಬಹುದು" ಅನ್ನುವಲ್ಲೇ ಮೋಸ ಇರುವುದು. 341 = 11 × 31 ಈ ಪರೀಕ್ಷೆಯಲ್ಲಿ ಪಾಸಾಗುವ ಅತಿ ಚಿಕ್ಕ ಕಳ್ಳ.

ನಮ್ಮ ಸಂಖ್ಯೆಯೂ ಪಾಸಾಗುತ್ತದೆ. ಕಾರಣ ಸುಲಭ. ನಮ್ಮ ಸಂಖ್ಯೆಯಿಂದ ಭಾಗಿಸಿದಾಗ 2³²ರ ಶೇಷ −1, 2⁶⁴ರ ಶೇಷ 1. ನಮ್ಮ ಸಂಖ್ಯೆಯಿಂದ 1 ಕಳೆದರೆ 2³², ಅದು 64ರ ಮಗ್ಗಿಯಲ್ಲಿದೆ. ಹಾಗಾಗಿ ಶೇಷ 1 ಬಂದೇ ಬರುತ್ತದೆ. ಇದೇ ಕಾರಣಕ್ಕೆ ಎಲ್ಲ ಫರ್ಮಾ ಸಂಖ್ಯೆಗಳೂ 2ರ ಪರೀಕ್ಷೆಯಲ್ಲಿ ಪಾಸು. ಅವಿಭಾಜ್ಯ ಆಗಿರಲಿ ಬಿಡಲಿ, ಫಲಿತಾಂಶ ಒಂದೇ. ಇವುಗಳ ಮಟ್ಟಿಗೆ 2 ನಂಬಿಕೆಗೆ ಅರ್ಹ ಸಾಕ್ಷಿಯಲ್ಲ.

3ನ್ನು ಕರೆದು ಕೇಳಿದರೆ ಬಾಯಿಬಿಡುತ್ತದೆ. 641ರಿಂದ ಭಾಗಿಸಿದ ಶೇಷಗಳನ್ನೇ ನೋಡಿ: 3⁸ಕ್ಕೆ 151, 3¹⁶ಕ್ಕೆ 366, 3³²ಕ್ಕೆ 628, 3⁶⁴ಕ್ಕೆ 169, 3¹²⁸ಕ್ಕೆ 357. 640ರಲ್ಲಿರುವ 2ರ ಅತಿ ದೊಡ್ಡ ಘಾತ 128. ಅಲ್ಲಿಯವರೆಗೂ 1 ಬರಲಿಲ್ಲ ಅಂದರೆ ಎಷ್ಟು ಸಲ ವರ್ಗ ಮಾಡುತ್ತಾ ಹೋದರೂ 1 ಬರುವುದಿಲ್ಲ. ಹಾಗಾಗಿ 3ರ ಪರೀಕ್ಷೆಯಲ್ಲಿ ನಮ್ಮ ಸಂಖ್ಯೆ ಫೇಲು. 1877ರಲ್ಲಿ ಪೆಪ್ಯಾಂ ಅನ್ನುವ ಗಣಿತಜ್ಞರು 3ನ್ನೇ ಇಟ್ಟುಕೊಂಡು ಫರ್ಮಾ ಸಂಖ್ಯೆಗಳಿಗೆ ಮೋಸವಿಲ್ಲದ ಪರೀಕ್ಷೆ ಕಟ್ಟಿದರು. ಇವತ್ತಿಗೂ ಅದೇ ಬಳಕೆಯಲ್ಲಿದೆ.

ಹಿಂದಿನ ಫರ್ಮಾ ಸಂಖ್ಯೆಗಳಿಗೂ ಇದಕ್ಕೂ ಏನು ನಂಟು?

3 × 5 × 17 × 257 × 65537 = 4294967295. ಹಿಂದಿನ ಐದನ್ನೂ ಗುಣಿಸಿ 2 ಸೇರಿಸಿದರೆ ನಮ್ಮ ಸಂಖ್ಯೆ! ಈ ಗುಣ ಇಡೀ ಸಾಲಿಗೆ ಇದೆ. 3 × 5 + 2 = 17 ಅಂತ ಚಿಕ್ಕದರಲ್ಲೇ ನೋಡಬಹುದು.

ಇದರಿಂದ, ಹಿಂದಿನ ಯಾವುದರಿಂದ ಭಾಗಿಸಿದರೂ ಶೇಷ 2. 257 ಭಾಗಿಸುವುದಿಲ್ಲ ಅಂತ ಮೇಲೆ ಹೇಳಿದ್ದು ಇದಕ್ಕೇ. ಯಾವ ಎರಡು ಫರ್ಮಾ ಸಂಖ್ಯೆ ತೆಗೆದುಕೊಂಡರೂ ಅವುಗಳ ನಡುವೆ ಸಾಮಾನ್ಯ ಅಪವರ್ತನ ಇರುವುದಿಲ್ಲ. ಸಾಲು ಮುಗಿಯುವುದಿಲ್ಲ, ಪ್ರತಿಯೊಂದೂ ಹೊಸ ಅವಿಭಾಜ್ಯವನ್ನು ತರಲೇಬೇಕು. ಅಂದರೆ ಅವಿಭಾಜ್ಯಗಳಿಗೆ ಕೊನೆಯಿಲ್ಲ. ಗೋಲ್ಡ್‌ಬಾಕ್ ಈ ವಾದವನ್ನು 1730ರಲ್ಲಿ ಆಯ್ಲರ್‌ಗೆ ಬರೆದ ಪತ್ರದಲ್ಲಿ ಕಾಣಬಹುದು.

ಚದುರಂಗದ ಹಲಗೆಯ ಕಾಳಿನ ಲೆಕ್ಕಕ್ಕೂ ಇದಕ್ಕೂ ಸಂಬಂಧ ಇದೆಯಂತೆ?

ಇದೆ. ಮೊದಲ ಮನೆಗೆ ಒಂದು ಕಾಳು, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು. ಹಲಗೆಯ ಮೊದಲ ಅರ್ಧಕ್ಕೆ, ಅಂದರೆ 32 ಮನೆಗಳಿಗೆ, 4294967295 ಕಾಳು. ಇದನ್ನು ನಮ್ಮ ಸಂಖ್ಯೆಯಿಂದ ಗುಣಿಸಿದರೆ ಇಡೀ ಹಲಗೆಯ ಲೆಕ್ಕ: 18446744073709551615. ಅದರ ಅವಿಭಾಜ್ಯ ಅಪವರ್ತನಗಳು 3, 5, 17, 257, 641, 65537, 6700417. ಇವುಗಳಲ್ಲಿ 641 ಮತ್ತು 6700417 ನಮ್ಮ ಸಂಖ್ಯೆಯ ಪಾಲು, ಉಳಿದವು ಮೊದಲ ಅರ್ಧದ ಲೆಕ್ಕದಿಂದ ಬಂದವು.

ಕಂಪ್ಯೂಟರ್‌ನಲ್ಲಿ ಇದನ್ನು ಹಾಕಿದರೆ 1 ಬರುತ್ತದೆ. ಯಾಕೆ?

32 ಬಿಟ್‌ಗಳ ಜಾಗದಲ್ಲಿ ಋಣ ಚಿಹ್ನೆ ಇಲ್ಲದೆ ಹಿಡಿಯುವ ಅತಿ ದೊಡ್ಡ ಸಂಖ್ಯೆ 4294967295. ಅದಕ್ಕೆ 1 ಸೇರಿಸಿದರೆ ಮೀಟರ್ ತಿರುಗಿ ಸೊನ್ನೆಗೆ ಬರುತ್ತದೆ. ಇನ್ನೊಂದು ಸೇರಿಸಿದರೆ 1. ಬೈನರಿಯಲ್ಲಿ ನಮ್ಮ ಸಂಖ್ಯೆ ಅಂದರೆ ಒಂದು 1, ನಡುವೆ 31 ಸೊನ್ನೆ, ಕೊನೆಗೆ ಇನ್ನೊಂದು 1. ಒಟ್ಟು 33 ಬಿಟ್. ಮುಂದಿನ 1 ಜಾಗ ಸಾಲದೆ ಉದುರಿಹೋಗುತ್ತದೆ, ಹಿಂದಿನ 1 ಉಳಿಯುತ್ತದೆ. 64 ಬಿಟ್ ಜಾಗ ಕೊಟ್ಟರೆ ತೊಂದರೆ ಇಲ್ಲ.

ಇಷ್ಟು ಬಾಹುಗಳಿರುವ ಸಮ ಬಹುಭುಜವನ್ನು ಅಳತೆಪಟ್ಟಿ, ಕೈವಾರದಲ್ಲಿ ಎಳೆಯಬಹುದಾ?

ಸಿದ್ಧಾಂತದಲ್ಲೂ ಆಗದು. 1796ರಲ್ಲಿ, ಇನ್ನೂ 19 ತುಂಬದ ಗಾಸ್, 17 ಬಾಹುಗಳ ಸಮ ಬಹುಭುಜವನ್ನು ಎಳೆಯಬಹುದು ಅಂತ ತೋರಿಸಿದರು. ಬಾಹುಗಳ ಸಂಖ್ಯೆ ಬೆಸ ಆಗಿದ್ದರೆ, ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧ ಆಗಿರಬೇಕು ಅನ್ನುವುದು ನಿಯಮ. ಹಾಗೆ ಆಗಿರಲೇಬೇಕು ಅನ್ನುವ ಭಾಗದ ಸಾಧನೆಯನ್ನು 1837ರಲ್ಲಿ ವಾಂಟ್ಸೆಲ್ ಕೊಟ್ಟರು. 641 ಫರ್ಮಾ ಅವಿಭಾಜ್ಯ ಅಲ್ಲ, ಹಾಗಾಗಿ ನಮ್ಮದು ಹೊರಗೆ. ತಮಾಷೆ ಏನೆಂದರೆ, ಎರಡೇ ಬಾಹು ಕಡಿಮೆ ಮಾಡಿದರೆ 4294967295 ಸಿಗುತ್ತದೆ. ಅದು ಗೊತ್ತಿರುವ ಐದೂ ಫರ್ಮಾ ಅವಿಭಾಜ್ಯಗಳ ಗುಣಲಬ್ಧ, ಎಳೆಯಬಹುದು! ಎಳೆದರೆ ವೃತ್ತ ಅಂತಲೇ ಕಾಣುತ್ತದೆ, ಆ ಮಾತು ಬೇರೆ.

ಎರಡು ಅವಿಭಾಜ್ಯಗಳ ಮೊತ್ತವಾಗಿ ಬರೆಯಬಹುದಾ?

ಇಲ್ಲ. ಬೆಸ ಮೊತ್ತ ಬರಬೇಕಾದರೆ ಒಂದು 2 ಆಗಿರಲೇಬೇಕು. ಉಳಿದದ್ದು 4294967295, ಅದು 5ರಿಂದ ಭಾಗವಾಗುತ್ತದೆ.

ಅಕ್ಕಪಕ್ಕದಲ್ಲಿ ಅವಿಭಾಜ್ಯಗಳಿವೆಯಾ?

ಕೆಳಗೆ 4294967291, ಮೇಲೆ 4294967311. ಇನ್ನೊಂದು ನಂಟು ಹೇಳಬೇಕು. ನಮ್ಮ ಸಂಖ್ಯೆಯಿಂದ 3 ಕಳೆದು ಅರ್ಧ ಮಾಡಿದರೆ 2147483647. ಅದು 2³¹ − 1. ಅದು ಅವಿಭಾಜ್ಯ ಅಂತ 1772ರಲ್ಲಿ ತೋರಿಸಿದವರೂ ಆಯ್ಲರ್ ಅವರೇ.

1ನ್ನು 641ರಿಂದ ಭಾಗಿಸಿದರೆ ದಶಮಾಂಶ ಹೇಗೆ ಬರುತ್ತದೆ?

0.00156006240249609984399375975039, ಆಮೇಲೆ ಮತ್ತೆ ಮೊದಲಿಂದ. ಸುತ್ತು 32 ಅಂಕಿಯದು. ಮೊದಲ ಹದಿನಾರು ಅಂಕಿ 0015600624024960, ಉಳಿದವು 9984399375975039. ಒಂದರ ಕೆಳಗೆ ಒಂದು ಬರೆದು ಕೂಡಿಸಿ, ಹದಿನಾರು 9 ಬರುತ್ತವೆ. 641 ನಮ್ಮ ಸಂಖ್ಯೆಯನ್ನಷ್ಟೇ ಅಲ್ಲ, 10¹⁶ + 1ನ್ನೂ ಭಾಗಿಸುತ್ತದೆ. ಅದಕ್ಕೇ ಹೀಗೆ.

ಮುಂದಿನ ಫರ್ಮಾ ಸಂಖ್ಯೆಗಳ ಕತೆ ಏನಾಯಿತು?

ಫರ್ಮಾ ಊಹೆ ಒಂದು ಕಡೆ ತಪ್ಪಿದ್ದಲ್ಲ, ಆಮೇಲೆ ಎಲ್ಲೂ ಸರಿ ಬರಲೇ ಇಲ್ಲ. 65537 ಆದಮೇಲೆ ಒಂದೇ ಒಂದು ಫರ್ಮಾ ಅವಿಭಾಜ್ಯ ಸಿಕ್ಕಿಲ್ಲ. ಆರನೆಯದನ್ನು 1880ರಲ್ಲಿ ಲಾಂದ್ರಿ ಒಡೆದರು: 274177 × 67280421310721. ಏಳನೆಯದು 39 ಅಂಕಿಯದು, ಅದನ್ನು ಮಾರಿಸನ್ ಮತ್ತು ಬ್ರಿಲ್‌ಹಾರ್ಟ್ 1970ರಲ್ಲಿ ಕಂಪ್ಯೂಟರ್ ಬಳಸಿ ಒಡೆದರು. ಐದರಿಂದ ಹನ್ನೊಂದರವರೆಗೆ ಪೂರ್ತಿ ಅಪವರ್ತನ ಆಗಿದೆ, ಹನ್ನೆರಡನೆಯದು ಇನ್ನೂ ಪೂರ್ತಿ ಬಿಟ್ಟುಕೊಟ್ಟಿಲ್ಲ. ಐದರಿಂದ ಮೂವತ್ತೆರಡರವರೆಗಿನ ಯಾವುದೂ ಅವಿಭಾಜ್ಯ ಅಲ್ಲ ಅಂತ ಗೊತ್ತು. ವಿಚಿತ್ರ ನೋಡಿ, ಇಪ್ಪತ್ತನೆಯದು ಮತ್ತು ಇಪ್ಪತ್ನಾಲ್ಕನೆಯದು ಒಡೆಯುತ್ತವೆ ಅಂತ ಖಚಿತ, ಆದರೆ ಯಾವುದರಿಂದ ಅನ್ನುವುದು ಮಾತ್ರ ಯಾರಿಗೂ ಸಿಕ್ಕಿಲ್ಲ. ಮೂವತ್ಮೂರನೆಯದರ ಜಾತಕ ಇನ್ನೂ ಬಯಲಾಗಿಲ್ಲ.

ಒಬ್ಬ ಹುಡುಗ ಇದನ್ನು ಬಾಯಿಲೆಕ್ಕದಲ್ಲೇ ಒಡೆದನಂತೆ, ನಿಜವಾ?

ಜೆರಾ ಕೋಲ್ಬರ್ನ್. ಅಮೆರಿಕದಲ್ಲಿ 1804ರಲ್ಲಿ ಹುಟ್ಟಿದವನು. ಎಂಟು ವರ್ಷದವನಿದ್ದಾಗ ಲಂಡನ್ನಿನಲ್ಲಿ ಪ್ರದರ್ಶನ ಕೊಟ್ಟ. ಅಲ್ಲಿ ಈ ಸಂಖ್ಯೆಯನ್ನು ಕೇಳಿದಾಗ 641 ಮತ್ತು 6700417 ಅಂದನಂತೆ. ಆ ಕಾಲದ ವರದಿಗಳಲ್ಲಿ ಇದು ಬಂದಿದೆ. 64ರ ಮಗ್ಗಿಯ ಗುಟ್ಟು ಅವನಿಗೆ ಗೊತ್ತಿತ್ತು ಅಂತ ನನಗಂತೂ ಅನ್ನಿಸುವುದಿಲ್ಲ. ನೂರಾರು ಭಾಗಾಕಾರ ತಲೆಯಲ್ಲೇ ಓಡಿಸಿರಬೇಕು.

ನನ್ನ ಕ್ಯಾಲ್ಕುಲೇಟರ್‌ನಲ್ಲಿ ಎಂಟೇ ಅಂಕಿ ಹಿಡಿಯುತ್ತದೆ. 641 ನಿಜವಾಗಿ ಭಾಗಿಸುತ್ತದೆ ಅಂತ ಹೇಗೆ ನೋಡಲಿ?

ಕ್ಯಾಲ್ಕುಲೇಟರ್ ಪಕ್ಕಕ್ಕಿಡಿ, ಹಾಳೆ ತೆಗೆದುಕೊಳ್ಳಿ. ಸಂಖ್ಯೆಯನ್ನು ಸರಿಯಾಗಿ ನಡುವೆ ಕತ್ತರಿಸಿ: 42949 ಮತ್ತು 67297.

ಮೊದಲ ತುಂಡು: 641 × 67 = 42947. ಶೇಷ 2.

ಆ 2ನ್ನು ಎರಡನೇ ತುಂಡಿನ ಮುಂದೆ ಇಡಿ: 267297. ಈಗ 641 × 417 = 267297. ಶೇಷ ಸೊನ್ನೆ.

ಎರಡನೇ ತುಂಡಿನಲ್ಲಿ ಐದು ಅಂಕಿ ಇದೆ, ಹಾಗಾಗಿ 417ನ್ನು 00417 ಅಂತ ಬರೆದು 67ರ ಪಕ್ಕ ಇಡಿ: 6700417.